ಇಲ್ಲದ ಎಮ್ಮೆ

ದೇವಿಮನೆ ಘಟ್ಟದ ತಿರುವುಗಳ ನಡುವೆ ಎಲ್ಲೋ ಒಂದು ಕಡೆ ಸಮತಾಳಿಗೆ ನಗು ಶುರುವಾಯಿತು. ನಗುವಂಥದ್ದು ಏನೂ ನಡೆದಿರಲಿಲ್ಲ. ಕೆಳಗಿನಿಂದ ಏರಿ ಬರುತ್ತಿದ್ದ ಲಾರಿಗೆ ದಾರಿ ಬಿಡಲೆಂದು ಮಧ್ವೇಶ ಕಾರನ್ನು ಗುಡ್ಡದ ಮಗ್ಗುಲಿಗೆ ಒತ್ತಿ ನಿಲ್ಲಿಸಿದ್ದ, ಅಷ್ಟೆ. ಅವಳ ಕಿವಿಯೊಳಗೆ ಪಟಕ್ಕನೆ ಏನೋ ತೆರೆದುಕೊಂಡಿತು. ಅಲ್ಲಿಯತನಕ ದೂರದಲ್ಲೆಲ್ಲೋ ಗುರುಗುಟ್ಟುತ್ತಿದ್ದ ಎಂಜಿನ್ನು ಒಮ್ಮೆಲೇ ಮಡಿಲಲ್ಲಿ ಬಂದು ಕೂತಂತಾಯಿತು, ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಗಾಜಿನ ಮೇಲೆ ಕುಣಿಯಿತು, ಹೊಟ್ಟೆಯ ತಳದಿಂದ ಬಿಕ್ಕಳಿಕೆಯ ಹಾಗೆ ನಗು ಎದ್ದು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೆರಗಿನೊಳಗೂ ನಕ್ಕಳು. "ಏನಾತ್ರಿ?" ಎಂದ ಮಧ್ವೇಶ. "ಏನಿಲ್ಲರಿ" ಎನ್ನಹೋದದ್ದು ಕೂಡ ನಗುವಾಯಿತು. ತನ್ನ ಮುಖಕ್ಕೇ ಏನೋ ಮೆತ್ತಿಕೊಂಡಿದೆಯೆಂದು ಅವನು ಕನ್ನಡಿಯಲ್ಲಿ ನೋಡಿಕೊಂಡ. ಅದನ್ನು ಕಂಡು ಇನ್ನಷ್ಟು ಬಂತು. "ನಿಮಗ ಹಿಂಗ ನಗಲಿಕ್ಕೆ ಬರ್ತದ ಅಂತ ನನಗ ಗೊತ್ತೇ ಇರ್ಲಿಲ್ಲ ನೋಡ್ರಿ" ಎಂದ.

ಅವಳಿಗೂ ಗೊತ್ತಿರಲಿಲ್ಲ. ಹಿರೇಕೆರೂರಿನ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವ ಸಮತಾ ಮೇಡಂ ವರಾಂಡದ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯ ತರಗತಿ ಸುಮ್ಮನಾಗುತ್ತಿತ್ತು. ಆ ಮೌನವನ್ನು ಅವಳು ಒಳ್ಳೆಯ ಸೀರೆಯ ಹಾಗೆ ವರ್ಷಗಟ್ಟಲೆ ಜೋಪಾನ ಮಾಡಿಕೊಂಡು ಬಂದವಳು. ನಿನ್ನೆ ಹಾನಗಲ್ಲಿನಲ್ಲಿ ರಿಜಿಸ್ಟರ್ ಮದುವೆಗೆ ಹೋದಾಗಲೂ ಅದನ್ನೇ ಉಟ್ಟುಕೊಂಡು ಹೋದಂತಿತ್ತು. ನೋಂದಣಿ ಕಚೇರಿಯ ಹೊರಗಿನ ಬೆಂಚಿನ ಮೇಲೆ ತನ್ನ ಹೊಲದ ಕಾಗದಪತ್ರದ ಕೆಲಸಕ್ಕೆ ಬಂದು ಕೂತಿದ್ದ ಮುದುಕನೊಬ್ಬ, ಹೂವಿನ ಹಾರ ಹಿಡಿದು ನಿಂತಿದ್ದ ಅವಳ ಅಪ್ಪ ಮಾರೆಪ್ಪನನ್ನು ನೋಡಿ, ಅವಳನ್ನೇ ಕೇಳಿದ್ದ: "ಮದಿವಿ ಹುಡಿಗಿ ಎಲ್ಲಿದಾಳವಾ ತಂಗಿ?" ಅವಳ ಬಾಯಿಂದ ಬಂದ ಮಾತು: "ಬರ್ತಾಳ್ರಿ." ಬರ್ತಾಳ್ರಿ! ಆ ಮುದುಕ ಪಾಪ ಇನ್ನೂ ದಾರಿ ಕಾಯುತ್ತಿದ್ದಾನೇನೋ. ನಲವತ್ತು ದಾಟಿದ, ಕನ್ನಡಕದ, ಕಿವಿಯ ಬಳಿ ಬಿಳಿಗೂದಲಿನ ಹೆಣ್ಣೊಬ್ಬಳು ಮದುವಣಗಿತ್ತಿಯಿರಬಹುದೆಂದು ಅವನಿಗೆ ಹೊಳೆಯಲಿಲ್ಲ, ಅವಳಿಗೇ ಹೊಳೆದಿರಲಿಲ್ಲ. ಹಿಂದಿನ ಸೀಟಿನ ಮೇಲೆ ಮಧ್ವೇಶನ ತಾಯಿ ಗಂಗಾಬಾಯಿ ಸವಣೂರಿನಿಂದ ಕಳಿಸಿದ ಖಾರದ ಡಬ್ಬಿ, ಸೇವು ಶೇಂಗಾ ಬೆರೆಸಿದ ಕುರುಕಲು ತಿಂಡಿಯದು, ತಿರುವಿಗೊಮ್ಮೆ ಆ ಕಡೆಗೂ ಈ ಕಡೆಗೂ ಸರಿಯುತ್ತಿತ್ತು. ಮದುವೆಗೆ ಅವರು ಬಂದಿರಲಿಲ್ಲ. ಖಾರ ಬಂದಿತ್ತು. ಅದರ ಅರ್ಥವೇನೆಂದು ಸಮತಾ ರಾತ್ರಿಯೆಲ್ಲ ಯೋಚಿಸಿದ್ದಳು. ಈಗ ಅದೂ ನಗುವ ವಿಷಯವೆನಿಸಿತು.

ನಗುವಿನ ಕೆಳಗೆ ಮಾತ್ರ ಒಂದು ಸಣ್ಣ ಮುಳ್ಳಿತ್ತು. ಕಾಲೇಜಿಗೆ ಅವಳು ಸುಳ್ಳು ಹೇಳಿ ರಜೆ ಪಡೆದಿದ್ದಳು. ಈ ವಾರ ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದುಕೊಂಡು ಹೋಗಬೇಕಾದವಳು ಅವಳೇ. "ಅವ್ವಗ ಭಾಳ ಆರಾಮಿಲ್ಲ" ಎಂದು ಹೇಳಿ ಅರ್ಥಶಾಸ್ತ್ರದ ಪ್ರಿಯಂವದಾಳ ಹೆಗಲಿಗೆ ಹಾಕಿ ಬಂದಿದ್ದಳು. ಆರಾಮಿಲ್ಲದ ಅವ್ವ ಚೌಡವ್ವ ಇವತ್ತು ತಿಳವಳ್ಳಿಯಲ್ಲಿ ಕೋಳಿ ಕೂಗುವ ಮುಂಚೆ ಎದ್ದು, ಇಬ್ಬರಿಗೂ ಶೇಂಗಾದ ಹೋಳಿಗೆ ಕಟ್ಟಿಕೊಟ್ಟು, ಕಾರಿನ ಬಾಗಿಲನ್ನು ತಾನೇ ಧಡ್ ಎಂದು ಹಾಕಿದ್ದಳು. ಜಡ್ಡಿನ ಸುಳ್ಳು ಹೇಳಿದರೆ ಜಡ್ಡು ಬರುತ್ತದೆಂಬ ಅಂಜಿಕೆಯನ್ನು ಅಪ್ಪನ ಮುಂದೆ ಆಡಿದರೆ ಅವನು ಗೋಡೆಯ ಮೇಲಿನ ಬುದ್ಧನ ಕಡೆ ಬೆರಳು ಮಾಡಿ ನಗುತ್ತಿದ್ದ. ಆದರೂ ಅಂಜಿಕೆ ಇತ್ತು. ನಿಜ ಹೇಳಿದ್ದರೆ ಏನಾಗುತ್ತಿತ್ತು? ಸ್ಟಾಫ್ ರೂಮಿನಲ್ಲಿ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ಮೊದಲು ಅವಳ ವಯಸ್ಸು, ಆಮೇಲೆ ಅವನ ಕುಲ, ಆಮೇಲೆ ಅವಳ ಕುಲ ಒಂದರ ಪಕ್ಕ ಒಂದು ಕೂತು ಲೆಕ್ಕವಾಗುತ್ತಿದ್ದವು. ಆಮೇಲೆ ಎಲ್ಲರೂ ಜೋರಾಗಿ "ಕಂಗ್ರಾಟ್ಸ್ ಮೇಡಂ" ಎನ್ನುತ್ತಿದ್ದರು. ಆ ಜೋರನ್ನು ನೆನೆದೇ ಅವಳು ಸುಳ್ಳಿನ ಮೊರೆಹೋಗಿದ್ದು. ಬಾದಾಮಿ ಉತ್ತರಕ್ಕೆ, ಸಮುದ್ರ ಪಶ್ಚಿಮಕ್ಕೆ. ಅದನ್ನು ನೋಡಿಕೊಂಡೇ ಸಮುದ್ರವನ್ನು ಆರಿಸಿದ್ದಳು.

ಮಿರ್ಜಾನ ಕೋಟೆಯಲ್ಲಿ ಜನವಿರಲಿಲ್ಲ. ಕೆಂಪು ಕಲ್ಲಿನ ಗೋಡೆಗಳ ಮೇಲೆ ಹುಲ್ಲು ಬೆಳೆದು, ಕೋಟೆಯೆಂಬುದು ಒಂದು ದೊಡ್ಡ ಪ್ರಾಣಿ ಮೈ ಚೆಲ್ಲಿ ಬಿಸಿಲಿಗೆ ಮಲಗಿದಂತೆ ಕಂಡಿತು. ಈ ಕೋಟೆಯ ಬಗ್ಗೆ, ಇಲ್ಲಿಂದ ಹಡಗು ಹತ್ತಿ ಹೋದ ಕಾಳುಮೆಣಸಿನ ಬಗ್ಗೆ, ಆ ಮೆಣಸಿನಿಂದಲೇ ಹೆಸರಾದ ರಾಣಿಯ ಬಗ್ಗೆ ಅವಳು ವರ್ಷವರ್ಷವೂ ಪಾಠ ಮಾಡಿದ್ದಳು, ಒಮ್ಮೆಯೂ ನೋಡಿರಲಿಲ್ಲ. ಈಗ ಮಧ್ವೇಶನಿಗೆ ಹೇಳಲು ನಿಂತರೆ ತರಗತಿಯ ಧ್ವನಿಯೇ ಬಂತು. ಅವನು ಕೈಕಟ್ಟಿ ನಿಂತು ಕೇಳಿ, ಕೊನೆಗೆ ಬೆರಳೆತ್ತಿ "ಮೇಡಂ, ಒಂದು ಡೌಟ್ ಐತಿ" ಎಂದ. ಸವಣೂರಿನ ಮಠದ ಓಣಿಯಲ್ಲಿ "ಅದ" ಎಂದುಕೊಂಡು ಬೆಳೆದ ಮನುಷ್ಯ ಅವಳ ಮನೆಯ "ಐತಿ"ಯನ್ನು ಇತ್ತೀಚೆಗೆ ಎಲ್ಲೆಂದರಲ್ಲಿ ತಂದು ಸೇರಿಸುತ್ತಿದ್ದ, ಹೊಸ ಚಪ್ಪಲಿ ಮೆಟ್ಟಿದವರ ಹಾಗೆ, ಸ್ವಲ್ಪ ಎಡವುತ್ತ. "ಏನು ಡೌಟ್?" "ಆ ರಾಣಿ ಹಿಂಗ ಗ್ವಾಡಿ ಮ್ಯಾಲೆ ಓಡಿದ್ದಳೇನು?" ಅವಳಿಗೆ ಏನನ್ನಿಸಿತೋ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಓಡಿಯೇಬಿಟ್ಟಳು. ಕಲ್ಲು ಕಾದಿತ್ತು, ಅಂಗಾಲು ಚುರುಗುಟ್ಟಿತು, ತೆಂಗಿನ ಗರಿಗಳು, ಆಕಾಶ, ಕೆಳಗಿನ ಒಣ ಬಾವಿ ಎಲ್ಲ ಒಂದು ಸುತ್ತು ತಿರುಗಿ ತಂತಮ್ಮ ಜಾಗಕ್ಕೆ ಬರಲು ಹೊತ್ತು ಹಿಡಿಯಿತು. ಮಧ್ವೇಶ ಓಡಿಬಂದು ಅವಳ ಮಣಿಕಟ್ಟು ಹಿಡಿದ. ದನದ ಕಿವಿಯ ಬುಡ ಹಿಡಿದು ಜ್ವರ ನೋಡಿ ಅಭ್ಯಾಸವಾದ ಪಶುವೈದ್ಯನ ಕೈ ಅದು. ಅಷ್ಟೇ ಮೆತ್ತಗೆ ಹಿಡಿದಿತ್ತು. "ಬಿದ್ದೀರಿ" ಎಂದ. "ಬಿದ್ರ ಬೀಳ್ತೇನಿ ಬಿಡ್ರಿ" ಎಂದಳು. ತಾನು ಯಾವತ್ತಾದರೂ ಯಾರಿಗಾದರೂ ಹೀಗೆ ಹೇಳಿದ್ದುಂಟೇ? ಇಷ್ಟು ಸುಖ ತನ್ನ ಪಾಲಿನದೇ ಹೌದೋ, ಬೇರೆ ಯಾರದೋ ಚೀಲ ತಪ್ಪಿ ತನ್ನ ಕೈಗೆ ಬಂದಿದೆಯೋ, ಮುಂದಿನ ನಿಲ್ದಾಣದಲ್ಲಿ ಯಾರಾದರೂ ಬಂದು ಕೇಳುತ್ತಾರೋ ಎಂದು ಕಾರು ಹತ್ತುವಾಗ ಅನಿಸಿತು.

ಕೇಳುವವರು ತದಡಿಯಲ್ಲಿ ಸಿಕ್ಕರು. ದೋಣಿಗಳು ತಂಗುವ ಧಕ್ಕೆಯ ಬಳಿ ಕಾರು ಬಿಟ್ಟು, ಬಾರ್ಜಿನಲ್ಲಿ ಹೊಳೆ ದಾಟಿ ಆಚೆ ದಂಡೆಯ ಅಘನಾಶಿನಿ ಊರಿಗೆ ಹೋಗಿ ಬರೋಣವೆಂದು ಇಬ್ಬರೂ ಕಾದು ನಿಂತಿದ್ದರು. ಸಮುದ್ರ ಸೇರುವ ಆತುರದಲ್ಲಿ ಹೊಳೆ ಅಷ್ಟಗಲ ಚಾಚಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಒಣಮೀನಿನ ವಾಸನೆ, ಬಣ್ಣದ ದೋಣಿಗಳು, ಬಲೆಗಳ ನೀಲಿ ಗುಡ್ಡೆ, ಅವುಗಳ ಮೇಲೆ ಕಾಗೆಗಳ ಪಂಚಾಯಿತಿ. ಸಮತಾ ಮಧ್ವೇಶನ ಕಪ್ಪು ಕನ್ನಡಕ ಹಾಕಿಕೊಂಡು, ಜಡೆ ಬಿಚ್ಚಿಹೋದದ್ದನ್ನು ಹಾಗೆಯೇ ಬಿಟ್ಟು, ಅತ್ತೆಯ ಡಬ್ಬಿಯಿಂದ ಮುಷ್ಟಿ ತುಂಬ ಖಾರ ತೆಗೆದು ಬಾಯಿಗೆ ಹಾಕಿಕೊಂಡಿದ್ದಳು. ಆಗ ಬೆನ್ನ ಹಿಂದಿನಿಂದ ಇಡೀ ತರಗತಿಯ ಧ್ವನಿ ಬಂತು: "ಮೇಡಮ್ರೀ!"

ತಿರುಗಿದರೆ ನಿಜಕ್ಕೂ ಇಡೀ ತರಗತಿ. ಬಸ್ಸಿನಿಂದ ಇಳಿದು ಇಳಿದು ಬರುತ್ತಿದೆ. ಎಲ್ಲರ ಮುಂದೆ ಅಯಾಜ್, ಅವನ ಹಿಂದೆ ಶ್ವೇತಾ, ಮತ್ತೂ ಹಿಂದೆ ಬಿಸಿಲಿಗೆ ಸೆರಗು ಹೊದ್ದ ಪ್ರಿಯಂವದಾ. "ಬಾದಾಮಿ ಕ್ಯಾನ್ಸಲ್ ಆತ್ರಿ ಮೇಡಮ್ರಿ! ಎಲ್ಲಾರೂ ಗದ್ಲ ಮಾಡಿ ಸಮುದ್ರಕ್ಕ ಹಚ್ಚಿದ್ವಿ! ಬೆಳಿಗ್ಗೆ ಗೋಕರ್ಣ ನೋಡಿದ್ವಿ!" ಎಂದ ಅಯಾಜ್. ಬಾಯಲ್ಲಿದ್ದ ಖಾರವನ್ನು ಅಗಿಯದೆ ನುಂಗಿದ್ದರಿಂದ ಅವಳ ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಆ ನೀರನ್ನು ಪ್ರಿಯಂವದಾ ಬೇರೆಯಾಗಿ ತಿಳಿದುಕೊಂಡಳು. ಹತ್ತಿರ ಬಂದು ಕೈ ಹಿಡಿದು, "ಹೆಂಗಿದ್ದಾರ್ರಿ ತಾಯಿಯವರು?" ಎಂದಳು. "ಇಲ್ಲೆ... ಕುಮಟಾದ ಕಡೆ ನಾಟಿ ಔಷಧ ಕೊಡ್ತಾರಂತ, ಅದಕ್ಕ ಕರ್ಕೊಂಡು ಬಂದೇನಿ. ಲಾಜಿನ್ಯಾಗ ಮಲಗ್ಯಾಳ." ನಾಟಿ ಔಷಧ! ಮಾರೆಪ್ಪನ ಮಗಳ ಬಾಯಲ್ಲಿ! ಸುಳ್ಳಿಗೆ ಇಷ್ಟು ಬೇಗ ಕೈಕಾಲು ಬರುತ್ತವೆಂದು ಅವಳಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಖಾರದ ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದ ಮಧ್ವೇಶನನ್ನು ಎಲ್ಲರೂ ನೋಡುತ್ತಿದ್ದರು. ಶ್ವೇತಾ ಕೇಳಿದಳು: "ಇವ್ರು ಯಾರ್ರಿ ಮೇಡಮ್ರಿ?"

ಅವನು ನಗುತ್ತ ಅವಳ ಕಡೆ ನೋಡಿದ. ಹೇಳುತ್ತಾಳೆಂದು ಕಾಯುವ, ಏನೂ ಗುಮಾನಿಯಿಲ್ಲದ ನೋಟ. ಒಂದೇ ಪದ ಬೇಕಾಗಿದ್ದದ್ದು. ಅದು ನಾಲಗೆಯ ತುದಿಯವರೆಗೆ ಬಂತು ಕೂಡ. ಆದರೆ ಅಷ್ಟು ಕಣ್ಣುಗಳ ಮುಂದೆ ತನ್ನ ಬಿಚ್ಚಿದ ಜಡೆ, ಕೋಟೆಯ ಮಣ್ಣು ಮೆತ್ತಿದ ಕಾಲು, ಗಂಡಸಿನ ಕನ್ನಡಕ ಎಲ್ಲವೂ ಒಮ್ಮೆಗೇ ನೆನಪಾಗಿ, "ಇವ್ರು... ನಮ್ಮ ಎಮ್ಮಿ ಡಾಕ್ಟ್ರು" ಎಂದಳು. "ಇಲ್ಲೆ ಸಿಕ್ರು."

ಮಧ್ವೇಶನ ನಗು ಹೋಗಲಿಲ್ಲ, ಹೋಗಿದ್ದರೆ ಚೆನ್ನಾಗಿತ್ತು. ಅದು ಇದ್ದಲ್ಲಿಯೇ ಇತ್ತು, ಒಳಗಿನಿಂದ ಯಾರೋ ದೀಪ ಮಾತ್ರ ತೆಗೆದುಕೊಂಡು ಹೋದರು. "ಹೌದ್ರಿ" ಎಂದು ಎಲ್ಲರಿಗೂ ಕೈಮುಗಿದ. "ಎಮ್ಮಿ ಡಾಕ್ಟ್ರು." ಡಬ್ಬಿಗೆ ಮುಚ್ಚಳ ಒತ್ತಿ ಅವಳ ಕೈಗೆ ಕೊಟ್ಟ. ಅಷ್ಟರಲ್ಲಿ ಬಾರ್ಜು ಬಂದು ದಂಡೆಗೆ ತಾಗಿತು. ಅಯಾಜನ ಮನೆಯಲ್ಲಿ ಎಮ್ಮೆಗಳಿದ್ದವಂತೆ, ಒಂದು ಈಚೆಗೆ ಹಾಲು ಕಡಿಮೆ ಮಾಡಿದೆಯಂತೆ. "ಸರ್, ಬರ್ರಿ, ನಿಮಗ ಕೇಳೋದೈತಿ" ಎಂದು ಅವನು ಮಧ್ವೇಶನ ತೋಳು ಹಿಡಿದ. ಅವನ ಸುತ್ತ ನಾಲ್ಕೈದು ಜನ ಸೇರಿದರು. ನೂಕುನುಗ್ಗಲಿನಲ್ಲಿ ಅವರ ಜೊತೆಗೆ ಅವನೂ ಹತ್ತಿಹೋದ. ತಿರುಗಿ ನೋಡಲಿಲ್ಲ. ಬಾರ್ಜು ತುಂಬಿ ಹೊರಟಿತು. ಮದುವೆಯಾದ ಮರುದಿನ ಗಂಡ ಹೊಳೆ ದಾಟಿ ಹೋಗುತ್ತಿರುವುದನ್ನು ಸಮತಾ ಅತ್ತೆಯ ಡಬ್ಬಿ ಎದೆಗೆ ಒತ್ತಿಕೊಂಡು ನೋಡುತ್ತ ನಿಂತಳು.

ಹಿಂದುಳಿದ ಕೆಲವು ಹುಡುಗಿಯರು ಬಸ್ಸಿನಿಂದ ಬರುವತನಕ ಮುಂದಿನ ಬಾರ್ಜಿಗೆ ಕಾಯೋಣವೆಂದು ಪ್ರಿಯಂವದಾ ಅವಳನ್ನು ನೆರಳಿಗೆ ಕೂರಿಸಿದಳು. ಜಗತ್ತಿನಲ್ಲಿ ಎಷ್ಟೊಂದು ಸುಳ್ಳುಗಳಿದ್ದವು. ಅಣ್ಣ ಎನ್ನಬಹುದಿತ್ತು, ಹಳೆಯ ಸಹಪಾಠಿ ಎನ್ನಬಹುದಿತ್ತು, ಟ್ಯಾಕ್ಸಿಯವ ಎಂದಿದ್ದರೂ ನಡೆಯುತ್ತಿತ್ತು. ಎಮ್ಮೆಯೇ ಯಾಕೆ? ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ. ಆಕಳಿರಲಿಲ್ಲ, ಎತ್ತಿರಲಿಲ್ಲ. ಅಪ್ಪನ ಅಪ್ಪ ಊರಿನ ಸತ್ತ ದನಗಳನ್ನು ಹೊತ್ತವನು. ಅಪ್ಪನೂ ಹುಡುಗನಾಗಿದ್ದಾಗ ಹೊತ್ತವನು. ಬುದ್ಧನನ್ನು ಮನೆಗೆ ತಂದ ದಿನ ಅವನು ಇನ್ನು ಸತ್ತ ದನ ಮುಟ್ಟುವುದಿಲ್ಲವೆಂದ. ಸತ್ತದ್ದನ್ನು ಬಿಟ್ಟವನಿಗೆ ಬದುಕಿದ್ದರ ಮೇಲೂ ಮನಸ್ಸು ಹೋಗಲಿಲ್ಲ, ಹಿತ್ತಿಲಿನಲ್ಲಿದ್ದ ದನ ಕಟ್ಟುವ ಖಾಲಿ ಗೂಟವನ್ನೇ ಕಿತ್ತುಹಾಕಿದ. ಅಂಥ ಮನೆಗೆ ಅವಳು ಹೋಗಿ ದನದ ಡಾಕ್ಟರನ್ನು ಮದುವೆಯಾಗುತ್ತೇನೆ ಎಂದಾಗ, ಅವನು ಆಚಾರ್ಯರ ಮನೆಯ ಮಗನೆಂದಾಗ, ಅಪ್ಪ ಗೂಟ ಕಿತ್ತ ಜಾಗದ ಕಡೆ ನೋಡಿದ್ದ. ಆಮೇಲೆ ಅವನ ಮುಖದ ಒಂದು ಮಗ್ಗುಲು ಮಾತ್ರ ನಕ್ಕಿತ್ತು. "ಬದುಕಿದ ದನ ಮುಟ್ಟಾಂವ ಅಲ್ಲೇನು? ಮತ್ತ ಯಾಕ ಅಂಜ್ತಿ? ಮಾಡ್ಕೊ." ಅಪ್ಪ ಅಂಜಬೇಡ ಎಂದಿದ್ದ. ಅಪ್ಪ ಕಿತ್ತೆಸೆದ ಗೂಟವನ್ನು ತಾನು ಹೊಳೆ ದಂಡೆಗೆ ತಂದು ನೆಟ್ಟು, ಇಲ್ಲದ ಎಮ್ಮೆಯೊಂದನ್ನು ಕಟ್ಟಿ, ಅದರ ಹಿಂದೆ ಅಡಗಿ ಕೂತಿದ್ದೇನೆ ಎನಿಸಿತು ಅವಳಿಗೆ. ಅದರ ಜೊತೆಗೇ, ಏನು ಮಾಡಿದರೂ, ಆ ಹಾಳು ನಗುವೂ ಒಳಗೊಳಗೇ ಕುದಿಯುತ್ತಿತ್ತು.

"ಆ ಡಾಕ್ಟ್ರು ಸವಣೂರವರೇನ್ರಿ?" ಎಂದಳು ಪ್ರಿಯಂವದಾ ನೀರನ್ನು ನೋಡುತ್ತ. "ಮಾತಿನ್ಯಾಗ ತಿಳೀತದ. ನಮ್ಮ ಪೈಕಿಯವರೇ ಇರಬೇಕು."

"ಇರಬೇಕ್ರಿ."

"ಮದಿವಿ ಆಗೇದೇನು ಅವರದು?"

ಸಮತಾ ಅವಳ ಮುಖ ನೋಡಿದಳು. ಅದರಲ್ಲಿ ಕುಹಕವಿರಲಿಲ್ಲ. "ನಮ್ಮ ಕಾಕಾನ ಮಗಳು ಒಬ್ಬಾಕಿ ಇದ್ದಾಳ್ರಿ" ಎಂದಳು ಪ್ರಿಯಂವದಾ. "ವಯಸ್ಸು ಸ್ವಲ್ಪ ಮ್ಯಾಲಾಗೇದ. ಒಳ್ಳೇ ಹುಡುಗಿ. ನಿಮಗ ಅವರು ಗುರುತಿದ್ರ ಒಂದು ಮಾತು..." "ನನಗ ಗೊತ್ತಿಲ್ರಿ" ಎಂದಳು ಸಮತಾ, "ದನದ ಮಾತು ಬಿಟ್ಟು ಬ್ಯಾರೆ ಏನೂ ಮಾತಾಡಿಲ್ಲ ನಾವು." ತನ್ನ ಧ್ವನಿ ಎಷ್ಟು ಸಹಜವಾಗಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು. ಸ್ಟಾಫ್ ರೂಮಿನಲ್ಲಿ ವರ್ಷಗಳಿಂದ ಇಬ್ಬರೂ ಒಂದೇ ಟೇಬಲ್ಲಿಗೆ ಕೂತು ಉಣ್ಣುವವರು. ಪ್ರಿಯಂವದಾ ತನ್ನ ಡಬ್ಬಿಯಿಂದ ಕೊಡುತ್ತಾಳೆ. ಸಮತಾಳ ಡಬ್ಬಿ ಮುಂದೆ ಬಂದಾಗ ಅವಳಿಗೆ ಯಾವತ್ತೂ ಏಕಾದಶಿಯೋ ಹೊಟ್ಟೆನೋವೋ ಇರುತ್ತದೆ. ಅದನ್ನು ಇಬ್ಬರೂ ಗಮನಿಸುವುದಿಲ್ಲ. ಇಂಥವಳಿಗೆ ನಿಜ ಹೇಳುವ ಋಣವೇನಿದೆ ಎಂದು ಸಮತಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಒಳಗೆ ಕೂರಲಿಲ್ಲ.

ಬಾರ್ಜು ತಿರುಗಿ ಬಂದು ಎಲ್ಲರೂ ಹತ್ತಿದಾಗ ಪ್ರಿಯಂವದಾ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತಳು. ನೀರೆಂದರೆ ಅವಳಿಗೆ ಆಗುವುದಿಲ್ಲವಂತೆ. ಸಮತಾ ಇನ್ನೊಂದು ಮಗ್ಗುಲಿಗೆ, ಕೊರಳ ತುಂಬ ಕರಿಮಣಿ ಹಾಕಿದ್ದ ಮೀನಿನ ಬುಟ್ಟಿಯ ಹೆಂಗಸೊಬ್ಬಳ ಪಕ್ಕ ನಿಂತಳು. ಕಾಲ ಕೆಳಗೆ ಕಬ್ಬಿಣ ನಡುಗುತ್ತಿತ್ತು. ಎಡಕ್ಕೆ ಹೊಳೆ, ಬಲಕ್ಕೆ ಸಮುದ್ರ, ನಡುವೆ ಎರಡೂ ಸೇರುವಲ್ಲಿ ನೀರು ಯಾವ ಕಡೆ ಹೋಗಬೇಕೆಂದು ತಿಳಿಯದೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಅಷ್ಟು ಬೆಳಕನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಿಳವಳ್ಳಿಯ ಬಿಸಿಲು ಮೇಲಿನಿಂದ ಬೀಳುತ್ತದೆ. ಇಲ್ಲಿಯದು ಕೆಳಗಿನಿಂದಲೂ ಬಂದು ಗಲ್ಲ ಹಿಡಿದೆತ್ತುತ್ತಿತ್ತು. "ಎಲ್ಲಿಗಾಯ್ತು?" ಎಂದಳು ಬುಟ್ಟಿಯವಳು. ಸಮತಾ ಸುತ್ತ ನೋಡಿ, ಧ್ವನಿ ತಗ್ಗಿಸಿ, "ನನ್ನ ಗಂಡ ಆ ದಂಡಿಯೊಳಗ ಅದಾರ್ರಿ" ಎಂದಳು. ಆ ಮಾತನ್ನು ಅವಳು ಇದೇ ಮೊದಲು ಬಾಯಿಬಿಟ್ಟು ಆಡಿದ್ದು. "ಹೌದಾ" ಎಂದಳು ಬುಟ್ಟಿಯವಳು, "ಇದಕ್ಕೊಂದು ಸ್ವಲ್ಪ ಕೈ ಹಾಕು ಮಾರಾಯ್ತಿ, ದಂಡೆ ಬಂತು." ಅಷ್ಟೇ. ಆಕಾಶ ಬೀಳಲಿಲ್ಲ. ಸಮತಾ ಬುಟ್ಟಿಗೆ ಕೈ ಹಾಕಿ ಅವಳ ತಲೆಗೆ ಏರಿಸಿದಳು. ಮೀನಿನ ನೀರು ಮುಂಗೈಯಿಂದ ಮೊಣಕೈವರೆಗೆ ಹರಿಯಿತು.

ದಂಡೆಯ ಚಹದಂಗಡಿಯಲ್ಲಿ ದೊಡ್ಡ ನಗು ನಡೆದಿತ್ತು. ಬೆಂಚಿನ ನಡುವೆ ಮಧ್ವೇಶ. ಸುತ್ತ ಅವಳ ಮಕ್ಕಳು. ಅವಳ ತರಗತಿಯಲ್ಲಿ ಅವರು ಎಂದೂ ಹೀಗೆ ಒಬ್ಬರ ಮೇಲೊಬ್ಬರು ಬಿದ್ದು ಕೂತದ್ದಿಲ್ಲ. ಅವಳನ್ನು ಕಂಡ ಕೂಡಲೇ ಶ್ವೇತಾ ಎದ್ದು ನಿಂತು, ನಗು ತಡೆಯಲಾರದೆ, "ಮೇಡಮ್ರಿ, ನಿಮ್ಮ ಎಮ್ಮಿ ಹೆಸರು ಚಂಪಾ ಅಂತಲ್ರಿ! ಸರ್ ಎಲ್ಲಾ ಹೇಳಿದ್ರು!" ಎಂದಳು.

"ಏನ್ ಹೇಳಿದ್ರು?"

"ಭಾಳ ಗತ್ತಿನ ಎಮ್ಮಿ ಅಂತಲ್ರಿ. ಯಾರನ್ನೂ ಹತ್ತರ ಬರಗೊಡಂಗಿಲ್ಲ ಅಂತ. ಸರ್ ವರ್ಷಗಟ್ಟಲೆ ಬಂದು ಬಂದು, ದೂರ ನಿಂತು ನಿಂತು, ಒಂದ ದಿನ ಅದ ತಾನಾಗೇ ಬಂದು ಅವರ ಕೈ ನೆಕ್ಕಿತಂತ."

"ಆದ್ರ ಮಂದಿ ಕಂಡ್ರ ಮುಗೀತಂತ್ರಿ" ಎಂದ ಅಯಾಜ್. "ನಾಕ ಮಂದಿ ಕೂಡಿದ್ರ ಸಾಕು, ಸರ್‌ನ ಗುರುತ ಇಲ್ಲದಂಗ ಮಾರಿ ತಿರುವ್ತೈತಂತ!"

ಎಲ್ಲರೂ ನಕ್ಕರು. ಮಧ್ವೇಶ ಚಹದ ಲೋಟ ನೋಡುತ್ತಿದ್ದ. ಅವನ ತುಟಿಯ ಅಂಚಿನಲ್ಲಿ ನಗುವೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಸಿಟ್ಟು ಮಾಡಬಹುದಾಗಿತ್ತು ಅವನು. ಮಾಡದೆ, ಇಲ್ಲದ ಎಮ್ಮೆಗೆ ಮೇವು ಹಾಕಿ, ಹೆಸರಿಟ್ಟು, ಗತ್ತು ಕೊಟ್ಟು, ಅವಳ ಸುಳ್ಳು ಬೀಳದ ಹಾಗೆ ಹೊಳೆಯ ಈ ದಂಡೆಯಲ್ಲಿ ಒಬ್ಬನೇ ಹಿಡಿದು ನಿಂತಿದ್ದ. ತನಗೆ ಅಳು ಬಂತೆಂದುಕೊಂಡಳು ಸಮತಾ. ಬಂದದ್ದು ಘಟ್ಟದಲ್ಲಿ ಬಂದಂಥದ್ದೇ ನಗು, ತಡೆಯಿಲ್ಲದ್ದು, ಮೂಗಿನಿಂದಲೂ ಕಣ್ಣಿನಿಂದಲೂ ಬರುವಂಥದ್ದು. ಸಮತಾ ಮೇಡಂ ಚಹದಂಗಡಿಯ ಕಂಬ ಹಿಡಿದು ನಗುವುದನ್ನು ಮಕ್ಕಳು ಬಾಯಿಬಿಟ್ಟು ನೋಡಿದರು.

"ಎಮ್ಮಿ ಇಲ್ಲ" ಎಂದಳು ಉಸಿರು ಸಿಕ್ಕ ಮೇಲೆ. "ನಮ್ಮನ್ಯಾಗ ಎಮ್ಮಿನೇ ಇಲ್ಲ. ಎಂದೂ ಇರ್ಲಿಲ್ಲ."

"ಮತ್ತ ಸರ್ ಹೇಳಿದ್ದು?"

"ಅದು ನಾನು. ಆ ಎಮ್ಮಿ ನಾನ. ಇವ್ರು ನನ್ನ ಗಂಡ. ನಿನ್ನೆ ಮದಿವಿ ಆಗೇವಿ."

ಒಂದು ಗಳಿಗೆ ಹೊಳೆಯ ಸದ್ದೊಂದೇ ಕೇಳಿಸಿತು. ಅವಳು ಅಂಜಿದ್ದ ಮೌನ ಇದೇ. ಬಂತು, ಅವಳ ಸುತ್ತ ನಿಂತಿತು, ನೋಡಿದರೆ ಅದರಲ್ಲಿ ಲೆಕ್ಕ ಹಾಕುವವರು ಯಾರೂ ಇರಲಿಲ್ಲ, ಹದಿಹರೆಯದ ಮಕ್ಕಳ ತೆರೆದ ಬಾಯಿಗಳಷ್ಟೇ ಇದ್ದವು. ಆಮೇಲೆ ಅಯಾಜ್ ಹಾಕಿದ ಶಿಳ್ಳೆಗೆ ದಂಡೆಯ ಮೇಲಿನ ಕಾಗೆಗಳೆಲ್ಲ ಎದ್ದವು. ಹುಡುಗಿಯರು ಕಿರುಚಿದರು. ಯಾರೋ ಅವಳ ಕೈ ಹಿಡಿದರು, ಯಾರೋ ಮೀನಿನ ನೀರಿನ ಆ ತೋಳಿಗೇ ಜೋತುಬಿದ್ದರು. ಮಧ್ವೇಶ ಎದ್ದು ನಿಂತಿದ್ದ. ಏನು ಮಾಡಬೇಕೆಂದು ತಿಳಿಯದೆ ಮತ್ತೆ ಎಲ್ಲರಿಗೂ ಕೈಮುಗಿದ.

ಪ್ರಿಯಂವದಾ ಮಾತ್ರ ಬಂದಲ್ಲಿಯೇ ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು. "ಅಯ್ಯ, ನಾ ಅಲ್ಲಿ ಕೂತು ನಮ್ಮ ತಂಗಿ ಸುದ್ದಿ..." ಎಂದು ನಿಲ್ಲಿಸಿ, ಆಮೇಲೆ ಬೇರೆ ಧ್ವನಿಯಲ್ಲಿ ಕೇಳಿದಳು: "ಮತ್ತ ನಿಮ್ಮ ತಾಯಿ?"

"ತಿಳವಳ್ಳಿಯೊಳಗ ಅದಾಳ್ರಿ. ಆರಾಮ ಅದಾಳ. ನಾನು ಸುಳ್ಳು ಹೇಳಿದೆ."

ಪ್ರಿಯಂವದಾ ಚೀಲದ ಬಾಯಿ ಬಿಚ್ಚಿದಳು. ಬಾಳೆಎಲೆಯ ಪುಟ್ಟ ಪೊಟ್ಟಣವೊಂದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಬೆಳಿಗ್ಗೆ ಗೋಕರ್ಣದಾಗ ನಿಮ್ಮ ತಾಯಿ ಹೆಸರಿಲೆ ಪೂಜಾ ಮಾಡಿಸ್ದೆ. ಹೆಸರು ಕೇಳಿದ್ರು. ಚೌಡವ್ವ ಅಂದೆ. ಗೋತ್ರ ಕೇಳಿದ್ರು." ಅವಳು ಸಮತಾಳ ಕಡೆ ನೋಡಲಿಲ್ಲ. "ಏನ್ ಹೇಳಬೇಕು ತಿಳೀಲಿಲ್ಲ. ನಂದು ಹೇಳಿಬಿಟ್ಟೆ."

ಸಮತಾಳ ನಗು ನಿಂತಿತು. ವರ್ಷಗಟ್ಟಲೆ ಅವಳ ಡಬ್ಬಿಗೆ ಕೈ ಹಾಕದ ಹೆಂಗಸು, ಜಡ್ಡೇ ಇಲ್ಲದ ಚೌಡವ್ವನನ್ನು ಬೆಳ್ಳಂಬೆಳಿಗ್ಗೆ ದೇವರ ಮುಂದೆ ತನ್ನ ಮನೆಯವಳನ್ನಾಗಿ ಮಾಡಿ ನಿಲ್ಲಿಸಿದ್ದಾಳೆ. ಎರಡೂ ಇವಳೇ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸುವ ಹಾಗಿಲ್ಲ. "ಅವ್ವಗ ಹೇಳ್ತೇನ್ರಿ" ಎಂದಳು, ಬೇರೆ ಮಾತು ಸಿಗದೆ. "ಬ್ಯಾಡ್ರಿ. ನಿಮ್ಮ ತಂದಿಯವರು ಬೈತಾರ" ಎಂದಳು ಪ್ರಿಯಂವದಾ, ಅಲ್ಲಿಗೆ ಇಬ್ಬರಿಗೂ ಮೊದಲ ಸಲ ಒಟ್ಟಿಗೆ ನಗು ಬಂತು, ಅರ್ಧಂಬರ್ಧ. ಪೊಟ್ಟಣವನ್ನು ಸಮತಾಳ ಕೈಗೆ ತುರುಕಿ, "ಮದಿವಿ ಮನುಷ್ಯಾರು. ತಗೋರಿ" ಎಂದಳು. ಸಮತಾ ಖಾರದ ಡಬ್ಬಿ ಮುಂದೆ ಹಿಡಿದಳು. ಪ್ರಿಯಂವದಾ ಒಂದು ಕ್ಷಣ ಅದನ್ನು ನೋಡಿದಳು. ಅದು ಯಾರ ಮನೆಯದೆಂದು ಕೇಳಲಿಲ್ಲ. ಸಮತಾ ಹೇಳಲೂ ಇಲ್ಲ. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಮಕ್ಕಳನ್ನು ಎಣಿಸಲು ಹೊರಟುಹೋದಳು.

ದಂಡೆ ಸುತ್ತಾಡಿ ಬಂದ ಮಕ್ಕಳನ್ನು ತುಂಬಿಕೊಂಡು ಬಾರ್ಜು ತದಡಿಗೆ ತಿರುಗಿ ಹೋಯಿತು. ಬಹಳ ದೂರದವರೆಗೆ "ಚಂಪಾ ಮೇಡಮ್ರೀ" ಎಂಬ ಕೂಗು ನೀರಿನ ಮೇಲೆ ಕುಪ್ಪಳಿಸುತ್ತ ಬಂತು. ಆ ಹೆಸರು ಇನ್ನು ಹಿರೇಕೆರೂರಿನಲ್ಲಿ ತಾನಿರುವತನಕ ಇರುತ್ತದೆ ಎಂದು ಸಮತಾಳಿಗೆ ಖಾತ್ರಿಯಾಯಿತು. ಬೆಂಚಿನ ಮೇಲೆ ಇಬ್ಬರೇ ಉಳಿದರು. ಮಧ್ವೇಶ ಖಾಲಿ ಲೋಟವನ್ನು ತಿರುಗಿಸುತ್ತಿದ್ದ.

"ಇನ್ನೊಮ್ಮೆ ಹಂಗ ಅನಬ್ಯಾಡ್ರಿ, ಸಮತಾ" ಎಂದ, ಮೆಲ್ಲಗೆ. "ಬೈರಿ, ಬಡೀರಿ. ಯಾರೋ ಅಂತ ಮಾತ್ರ ಅನಬ್ಯಾಡ್ರಿ. ಬಾರ್ಜಿನ್ಯಾಗ ನನಗ ಉಸಿರ ಹಿಡದಂಗಾತು."

"ಅನ್ನಂಗಿಲ್ರಿ" ಎಂದಳು. ಹೇಳುವುದು ಇನ್ನೂ ಬಹಳ ಇತ್ತು. ಅದರ ಬದಲು ಅವಳಿಗೆ ಭಯಂಕರ ಹಸಿವಾಗಿದೆಯೆಂದು ತಿಳಿಯಿತು. ಅಂಗಡಿಯ ಒಳಗಿಂದ ಎಣ್ಣೆಯಲ್ಲಿ ಬಂಗಡೆ ಹಾಕಿದ ಸದ್ದು, ಅದರ ಬೆನ್ನಿಗೆ ವಾಸನೆ. "ನಾನು ಮೀನ ತಿಂತೇನ್ರಿ" ಎಂದಳು, ಅಪ್ಪಣೆ ಕೇಳಿದ್ದಲ್ಲ, ಸುದ್ದಿ ಹೇಳಿದ್ದು. "ತಿನ್ರಿ" ಎಂದ. "ನೀವು ಬೇಕಾದ್ರ ಆ ಕಡೆ ಕುಂದರ್ರಿ." "ಯಾಕ? ಇಲ್ಲೇ ನೆಳ್ಳು ಐತಿ."

ಅಂಗಡಿಯಾಕೆ ಅವನ ಮುಂದೆ ಅನ್ನ ಸಾರು, ಅವಳ ಮುಂದೆ ಕೆಂಪಗೆ ಹುರಿದ ಇಡೀ ಬಂಗಡೆ ತಂದಿಟ್ಟಳು. ಹೊಲದ ಊರಿನವಳಿಗೆ ಸಮುದ್ರದ ಮೀನಿನ ರೀತಿ ತಿಳಿಯದು. ಒಂದು ತುತ್ತು ಮುರಿದಳು, ಮುಳ್ಳು ಸಿಕ್ಕಿತು. ಇನ್ನೊಂದು ಕಡೆ ಮುರಿದಳು, ಅಲ್ಲಿಯೂ ಮುಳ್ಳು. ಮಧ್ವೇಶ ತನ್ನ ಅನ್ನ ಬಿಟ್ಟು ಬಗ್ಗಿ ನೋಡಿದ. ಹುಟ್ಟಿದಾಗಿನಿಂದ ಮೀನು ಮುಟ್ಟದ ಮನುಷ್ಯ, ಓದುವಾಗ ಎಲ್ಲ ಪ್ರಾಣಿಗಳ ಎಲುಬು ಕಲಿತವನು, ಗಂಭೀರವಾಗಿ ಬೆರಳು ತೋರಿಸಿ, "ಹಂಗಲ್ರಿ. ಬೆನ್ನಿನ ಗುಂಟ ಸೀಳ್ರಿ. ಹಾಂ. ಈಗ ಬಾಲದ ಕಡೆಯಿಂದ ಹಿಡದು ಎತ್ರಿ, ಸಾವಕಾಶ, ಸಾವಕಾಶ" ಎಂದ. ಅವನ ತಲೆ ಅವಳ ತಲೆಗೆ ತಾಗುವಷ್ಟು ಹತ್ತಿರವಿತ್ತು. ಅವಳು ಉಸಿರು ಬಿಗಿಹಿಡಿದು ಎತ್ತಿದಳು. ಬಾಲದಿಂದ ತಲೆಯತನಕ ಇಡೀ ಮುಳ್ಳಿನ ಸಾಲು, ಒಂದೂ ಮುರಿಯದೆ, ಬಾಚಣಿಕೆಯ ಹಾಗೆ ಎದ್ದು ಬಂತು. "ಬಂತ್ರಿ!" ಎಂದು ಅವಳು ಕೂಗಿದ್ದಕ್ಕೆ ಅಂಗಡಿಯಾಕೆ ಒಲೆಯಿಂದ ತಿರುಗಿ ನೋಡಿದಳು. ಸಮತಾ ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು. ಅದರ ಹಲ್ಲುಗಳ ನಡುವಿನಿಂದ ಹೊಳೆ, ಅದರಾಚೆ ಸಮುದ್ರ, ಗೆರೆಗೆರೆಯಾಗಿ ಹೊಳೆಯುತ್ತ ಕಂಡವು.